ಹಿನ್ನೀರಿನ ದೋಣಿಗೆ ಮೀನು ಪತ್ತೆಯ ಯಂತ್ರ: ಕೊಳ್ಳುವ ಮುನ್ನ ನಾಲ್ಕು ಮಾತು



ಬೇಸಾಯದ ಮಾತಿನ ನಡುವೆ ದೋಣಿಯ ಯಂತ್ರದ ಮಾತು ಯಾಕೆ ಅಂತ ನೀವು ಕೇಳಬಹುದು. ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಯ ನಮ್ಮ ಸೀಮೆಯಲ್ಲಿ ಭತ್ತದ ಗದ್ದೆಯೋ ಗೋವಿನಜೋಳದ ಹೊಲವೋ ಇದ್ದ ಮನೆಯಲ್ಲೇ ಒಂದು ಬಲೆಯೂ ತೂಗುಹಾಕಿರುವುದುಂಟು. ಸುಗ್ಗಿ ಮುಗಿದ ಮೇಲೆ ಊರ ಕೆರೆಯಲ್ಲೋ ಸೂಪಾ ಹಿನ್ನೀರಿನಲ್ಲೋ ಮೀನು ಹಿಡಿದು ನಾಲ್ಕು ಕಾಸು ಕಾಣುವವರಿದ್ದಾರೆ. ಇಂಥವರಲ್ಲಿ ಕಾರವಾರದ ದೋಣಿಗಳ ಮೇಲೆ ಹೊಳೆಯುವ ಪರದೆಯ ಪೆಟ್ಟಿಗೆ ನೋಡಿ ಬಂದವರು, "ನಮಗೂ ಒಂದಿದ್ದರೆ ಹೇಗೆ?" ಅಂತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಸಾಲ ಮಾಡಿ ತಂದ ಪೆಟ್ಟಿಗೆ ಮೂಲೆ ಸೇರಿದರೆ ಮಕ್ಕಳ ಶಾಲೆಯ ದುಡ್ಡು ಹೋದಂತೆಯೇ. ಅದಕ್ಕೇ ಇವತ್ತು ನಿಧಾನವಾಗಿ ಮಾತಾಡೋಣ.

ಮೊದಲು ಒಂದು ಗೊಂದಲ ಬಿಡಿಸೋಣ. ಇಲ್ಲಿರುವುದು ಎರಡು ಯಂತ್ರ. ಫಿಶ್ ಫೈಂಡರ್ ದೋಣಿಯ ಕೆಳಗೆ ಏನಿದೆ ಎಂಬುದನ್ನು ಹೇಳುತ್ತದೆ. ಜಿ.ಪಿ.ಎಸ್. ದೋಣಿ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಮಾರುವುದುಂಟು. ಬೇರೆ ಬೇರೆಯಾಗಿಯೂ ಸಿಗುತ್ತವೆ.

ಫಿಶ್ ಫೈಂಡರಿನ ಒಂದು ತುಂಡು ನೀರೊಳಗೆ ಇಳಿದಿರುತ್ತದೆ. ಅದಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ನಮ್ಮ ಕಿವಿಗೆ ಕೇಳದ ಶಬ್ದವನ್ನು ಅದು ಕೆಳಗೆ ಕಳಿಸುತ್ತದೆ. ಬಾವಿಯಲ್ಲಿ ಕೂಗಿದರೆ ಮಾರ್ದನಿ ಬರುವುದಿಲ್ಲವೇ, ಹಾಗೆ ಆ ಶಬ್ದ ತಳಕ್ಕೆ ಬಡಿದು ಮರಳುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. 30 ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಸಾಕು. ಆ ಹೊತ್ತನ್ನು ಅಳೆದು ಯಂತ್ರ ಆಳವನ್ನು ಬರೆಯುತ್ತದೆ. ನಡುವೆ ಮೀನು ಅಡ್ಡ ಬಂದರೆ ಅದೂ ಗೆರೆಯಾಗಿಯೋ ಬಿಲ್ಲಾಗಿಯೋ ಕಾಣುತ್ತದೆ.

ಆದರೆ ನೋಡ್ರಿ, ಶಬ್ದ ಬ್ಯಾಟರಿ ಬೆಳಕಿನಂತೆ ಕೆಳಗೆ ಹೋದ ಹಾಗೆ ಅಗಲವಾಗುತ್ತದೆ. 20 ಡಿಗ್ರಿಯ ಕಿರಣವಾದರೆ 30 ಮೀಟರ್ ಆಳದಲ್ಲಿ ಸುಮಾರು 10 ಮೀಟರ್ ಅಗಲದ ಜಾಗ ಕಾಣುತ್ತದೆ. 3 ಮೀಟರ್ ಆಳದ ಕೆರೆಯಲ್ಲಿ ಕಾಣುವುದು ಒಂದೇ ಮೀಟರ್. ಆ ನೀರಿನ ಮೀನು ದೋಣಿಯ ನೆರಳಿಗೇ ಸರಿದುಹೋಗಿರುತ್ತದೆ. ಆದ್ದರಿಂದ ಮುಂಡಗೋಡ, ಹಳಿಯಾಳದ ಊರ ಕೆರೆಗಳಲ್ಲಿ ತೆಪ್ಪ ಬಿಡುವ ತಮ್ಮಂದಿರಿಗೆ ನನ್ನ ನೇರ ಮಾತು: ಈ ಯಂತ್ರ ನಿಮಗೆ ಬೇಡ. ಉದ್ದ ಬಿದಿರಿನ ಗಳ, ಇಲ್ಲವೇ ಮೊಳಕ್ಕೊಂದು ಗಂಟು ಹಾಕಿ ಸೀಸದ ಗುಂಡು ಕಟ್ಟಿದ ಹುರಿ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಮೀನುಮರಿ ತನ್ನಿರಿ.

ಸೂಪಾ ಹಿನ್ನೀರಿನ ಮಾತೇ ಬೇರೆ. ಕಾಳಿ ನದಿಗೆ ಕಟ್ಟಿದ ಆ ಅಣೆಕಟ್ಟು 101 ಮೀಟರ್ ಎತ್ತರದ್ದು. ಕಾಳಿ ಮತ್ತು ಪಾಂಡ್ರಿ ಹೊಳೆಗಳು ಕೂಡುವಲ್ಲಿದ್ದ ಹಳೆಯ ಸೂಪಾ ಊರೇ ನೀರಿನಡಿ ಸೇರಿತು. ಹೀಗೆ ಮುಳುಗಿದ ನೆಲದಲ್ಲಿ ಬಲೆ ಯಾವುದಕ್ಕೆ ಸಿಕ್ಕೀತು ಎಂಬುದು ಮೇಲಿಂದ ಕಾಣದು. ಮೀನು ತೋರಿಸುವುದಕ್ಕಿಂತ, ತಳ ಎಲ್ಲಿ ತಟ್ಟನೆ ಏರಿದೆ, ಎಲ್ಲಿ ಹೊಳೆಯ ಹಳೆಯ ಪಾತ್ರ ಇಳಿದಿದೆ, ಎಲ್ಲಿ ಬೊಡ್ಡೆಯಂಥದ್ದು ನಿಂತಿದೆ ಎಂದು ತೋರಿಸುವುದೇ ಇಲ್ಲಿ ಯಂತ್ರದ ದೊಡ್ಡ ಉಪಕಾರ. ಒಂದು ಬಲೆ ಹರಿಯದೆ ಉಳಿದರೆ ಅದೇ ಒಂದು ಲಾಭ.

ಇನ್ನೊಂದು ಉಪಾಯ ಹೇಳುತ್ತೇನೆ. ಮುಳುಗಡೆಗೆ ಮುಂಚೆ ಅಲ್ಲಿ ಬದುಕಿದ್ದ ಹಿರಿಯರು ಇನ್ನೂ ಕೆಲವರಿದ್ದಾರೆ. ಬಾವಿ ಎಲ್ಲಿತ್ತು, ಗಾಡಿದಾರಿ ಎಲ್ಲಿತ್ತು, ಮಾವಿನ ಮರ ಎಲ್ಲಿತ್ತು ಎಂಬುದು ಅವರಿಗೆ ಗೊತ್ತು. ಶಾಂತವಾದ ಒಂದು ಬೆಳಿಗ್ಗೆ ಅಜ್ಜನನ್ನು ಜೋಪಾನವಾಗಿ ದೋಣಿಯಲ್ಲಿ ಕೂಡಿಸಿಕೊಂಡು ಹೋಗಿ. ಅವರು ಗುಡ್ಡದ ಗುರುತು ಹಿಡಿದು ಕೈ ತೋರಿದಲ್ಲಿ ಫಿಶ್ ಫೈಂಡರ್ ನೋಡಿ; ತಾಳೆಯಾದರೆ ಜಿ.ಪಿ.ಎಸ್.ನಲ್ಲಿ ಗುರುತು ಹಾಕಿ. ಅಂಗಡಿಯಲ್ಲಿ ಸಿಗದ ನಕ್ಷೆ ಅದು. ಅಜ್ಜ ಹೋದ ಮೇಲೆ ಯಾವ ಯಂತ್ರವೂ ಅದನ್ನು ಹೇಳದು.

ಒಂದು ಎಚ್ಚರಿಕೆ. ಜಿ.ಪಿ.ಎಸ್. ಗುರುತು ಜಾಗ ಬಿಟ್ಟು ಕದಲದು, ಆದರೆ ಹಿನ್ನೀರಿನ ಮಟ್ಟ ಕದಲುತ್ತದೆ. ಮಳೆಗಾಲ ಮುಗಿದಾಗ ಬಹು ಆಳದಲ್ಲಿದ್ದ ಬೊಡ್ಡೆ ಬೇಸಿಗೆಯಲ್ಲಿ ದೋಣಿಯ ತಳಕ್ಕೆ ಬಡಿದೀತು. ಗುರುತಿನ ಜೊತೆ ತಾರೀಖನ್ನೂ ಅಂದಿನ ಆಳವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಈ ಲೆಕ್ಕವನ್ನು ಮನೆಯ ಹೆಣ್ಣುಮಕ್ಕಳು ಬರೆದಿಟ್ಟರೆ ಇನ್ನೂ ಒಳ್ಳೆಯದು. ದೋಣಿ ಯಾವ ಕಡೆ ಹೋಗಿದೆ ಎಂಬುದು ಮನೆಯವರಿಗೂ ತಿಳಿದಿರುತ್ತದೆ.

ಈಗ ಕೊಳ್ಳುವ ಮಾತು. ಅಂಗಡಿಯವನು ಮೊದಲು ಬಣ್ಣದ ಪರದೆ ತೋರಿಸುತ್ತಾನೆ. ನೀವು ಪರದೆಯನ್ನು ಬಿಸಿಲಿಗೆ ಹಿಡಿದು ನೋಡಿ. ಮಟಮಟ ಮಧ್ಯಾಹ್ನ ಕಾಣದ ಪರದೆ ದೋಣಿಗೆ ತಕ್ಕದ್ದಲ್ಲ. ಪರದೆಯ ಮೇಲೆ ಪುಟ್ಟ ಮೀನಿನ ಚಿತ್ರಗಳು ಓಡಾಡುವುದನ್ನು ಕಂಡು ಮರುಳಾಗಬೇಡಿ. ತೇಲುವ ಎಲೆ, ನೀರಗುಳ್ಳೆ, ಕೊಂಬೆ, ಎಲ್ಲವನ್ನೂ ಯಂತ್ರ ಮೀನೆಂದು ತೋರಿಸೀತು. ಆ ಚಿತ್ರ ನಿಲ್ಲಿಸಿ ಬರೀ ಗೆರೆ ಓದುವುದನ್ನು ಕಲಿಯಿರಿ.

ಶಬ್ದದ ಬಗೆ ಕೇಳಿ. 200 ಕಿಲೋಹರ್ಟ್ಸ್ ಎಂದರೆ ಸೂಕ್ಷ್ಮವಾಗಿ ಕಾಣುತ್ತದೆ. ನಮ್ಮ ಹಿನ್ನೀರಿಗೆ ಅದು ಸಾಕು. 50 ಕಿಲೋಹರ್ಟ್ಸ್ ಬಹಳ ಆಳದ ಕಡಲಿಗೆ. ಸಿಹಿನೀರಿನಲ್ಲಿ ಇಷ್ಟು ಆಳ ಕಾಣುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದು ಉಪ್ಪುನೀರಿಗೆ ಹೊಂದದು. ಅಲ್ಲಿ ಶಬ್ದ ಬೇಗ ಕುಂದುತ್ತದೆ. ಕಾರವಾರದ ಕಡೆ ದೋಣಿಯಲ್ಲಿ ಪಾಲು ಹಾಕುವವರು ಇದನ್ನು ಮರೆಯಬಾರದು.

ಟ್ರಾನ್ಸ್‌ಡ್ಯೂಸರ್ ಕೂಡಿಸುವುದು ದೋಣಿಯ ಮೇಲೆ ನಿಂತಿದೆ. ಗಟ್ಟಿ ಫೈಬರ್ ದೋಣಿಯಾದರೆ ಒಳತಳಕ್ಕೆ ಅಂಟಿಸಿದರೂ ನಡೆದೀತು. ಮರದ ದೋಣಿಗೆ ಅದು ಆಗದು. ದೋಣಿಯ ಬದಿಗೆ ಬಿದಿರಿನ ಗಳ ಕಟ್ಟಿ ಅದರ ತುದಿಗೆ ಬಿಗಿದು ನೀರಿಗೆ ಇಳಿಸಿ. ಮಷೀನಿನ ರೆಕ್ಕೆಯಿಂದ ದೂರವಿರಲಿ. ನೊರೆಯಲ್ಲಿ ಶಬ್ದ ಸಾಗದು.

ಬ್ಯಾಟರಿಯ ಲೆಕ್ಕ ಮಾಡಿ. ಅರ್ಧ ಆಂಪಿಯರ್ ಎಳೆಯುವ ಯಂತ್ರಕ್ಕೆ 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿ ಇಟ್ಟರೆ, ಅರ್ಧಕ್ಕಿಂತ ಬರಿದು ಮಾಡದಂತೆ 7 ಗಂಟೆ ನಡೆದೀತು. ಯಂತ್ರದ ಮೇಲೆ ಐ.ಪಿ.ಎಕ್ಸ್. 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಕೆಡದು. ರಿಪೇರಿ ಎಲ್ಲಿ ಆಗುತ್ತದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಜಿ.ಪಿ.ಎಸ್. ಎಂಬುದು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳನ್ನು ಕೇಳಿ ಜಾಗ ಹೇಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಗಬೇಕು. ಬಯಲಿನಲ್ಲಿ ಕೆಲವು ಮೀಟರ್ ಮಾತ್ರ ತಪ್ಪೀತು. ಕಡಿದಾದ ಕಣಿವೆಯಲ್ಲಿ, ದಟ್ಟ ಮರದಡಿ ಇನ್ನೂ ಹೆಚ್ಚು ತಪ್ಪೀತು. ಬಹಳ ಮಂದಿಗೆ ಗೊತ್ತಿಲ್ಲದ ಮಾತು: ಕೈಯಲ್ಲಿರುವ ಮೊಬೈಲಿನಲ್ಲೂ ಜಿ.ಪಿ.ಎಸ್. ಇದೆ, ಅದಕ್ಕೆ ಟವರ್ ಬೇಕಿಲ್ಲ. ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಹೋದರೆ ಜೋಯಿಡಾದ ಕಾಡಂಚಿನಲ್ಲೂ ಅದು ದಾರಿ ತೋರುತ್ತದೆ. ಹಿನ್ನೀರಿಗೆ ಮೊದಲು ಅದನ್ನೇ ಬಳಸಿ ನೋಡಿ. ಆದರೆ ನಿಂತ ದೋಣಿಯಲ್ಲಿ ಜಿ.ಪಿ.ಎಸ್.ಗೆ ದಿಕ್ಕು ತಿಳಿಯದು; ಗಿರಗಿರ ತಿರುಗುವ ಹರಿಗೋಲಿನಲ್ಲಂತೂ ಅದರ ಬಾಣ ನಂಬಬೇಡಿ. ಒಂದು ದಿಕ್ಸೂಚಿ ಜೊತೆಗಿರಲಿ.

ಕೊನೆಯದಾಗಿ, ಯಂತ್ರ ಹೇಳದ ಮಾತುಗಳಿವೆ. ಗಾಳಿ ಏಳುವುದನ್ನು ಅದು ಹೇಳದು. ಸೂಪಾದಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ದಾಂಡೇಲಿಯ ಹೊಳೆ ಏರುವುದನ್ನು ಹೇಳದು. ಆ ಹೊಳೆಯ ಮೊಸಳೆಯನ್ನೂ ಹೇಳದು. ತೇಲುಜಾಕೀಟು ಇಲ್ಲದ ದೋಣಿಗೆ ಮೊದಲು ಜಾಕೀಟು ಕೊಳ್ಳಿ, ಆಮೇಲೆ ಯಂತ್ರ. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನೂ ಮರೆಯಬೇಡಿ.

ಒಬ್ಬೊಬ್ಬರೇ ಸಾಲ ಮಾಡುವ ಬದಲು ನಾಲ್ಕು ದೋಣಿಯವರು ಕೂಡಿ ಒಂದನ್ನು ತನ್ನಿರಿ. ತಳದ ಗುರುತುಗಳನ್ನು ಒಮ್ಮೆ ಹಾಕಿಕೊಂಡರೆ ದಿನವೂ ಎಲ್ಲರಿಗೂ ಯಂತ್ರ ಬೇಕಾಗದು. ಬಲೆಯೂ ಉಳಿಯಲಿ, ದುಡ್ಡೂ ಉಳಿಯಲಿ, ದೀಪ ಹಚ್ಚುವ ಹೊತ್ತಿಗೆ ದೋಣಿ ದಡ ಸೇರಲಿ.