ಆಕಾಶಗಂಗೆಯ ಬಿಸಿಲುಕೋಲು



ಊರಿನ ಹೆಂಚಿನ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ನೀವೆಲ್ಲ ನೋಡಿರುತ್ತೀರಿ. ಧೂಳಿಲ್ಲದಿದ್ದರೆ ಆ ಕೋಲು ಕಾಣದು. ಬಿಸಿಲಿಲ್ಲದಿದ್ದರೆ ಧೂಳೂ ಕಾಣದು. ನಮ್ಮ ಆಕಾಶಗಂಗೆಯಲ್ಲೂ ಸುಮಾರಾಗಿ ಹೀಗೇ ನಡೆಯುತ್ತದೆ ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಅಲ್ಲಿ ಬಿಸಿಲಿನ ಜಾಗದಲ್ಲಿರುವುದು ವಿಶ್ವಕಿರಣಗಳು. ಹೆಸರಿಗೆ ಕಿರಣ, ನಿಜದಲ್ಲಿ ಕಣಗಳು. ಹೆಚ್ಚಿನವು ಬೆಳಕಿನ ವೇಗದ ಹತ್ತಿರಹತ್ತಿರ ಓಡುವ ಪ್ರೋಟಾನುಗಳು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರಿಗೂ ಮೇಲೇರಿ ಇವನ್ನು ಪತ್ತೆ ಮಾಡಿದರು. ಆದರೆ ಇವು ಬಂದದ್ದೆಲ್ಲಿಂದ? ವಿದ್ಯುದಾವೇಶ ಇರುವುದರಿಂದ ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಇವನ್ನು ಅತ್ತಿತ್ತ ತಿರುಗಿಸಿಬಿಡುತ್ತವೆ. ಕಾಗದ ಕೈಸೇರಿದರೂ ಕಳಿಸಿದವರ ವಿಳಾಸ ಅಳಿಸಿಹೋದ ಹಾಗೆ.

ಧೂಳಿನ ಜಾಗದಲ್ಲಿರುವುದು ನಕ್ಷತ್ರಗಳ ನಡುವಿನ ಅನಿಲ, ಬಹುಪಾಲು ಜಲಜನಕ. ಸರಾಸರಿ ಒಂದು ಘನ ಸೆಂಟಿಮೀಟರಿಗೆ ಸುಮಾರು 1 ಪರಮಾಣು, ಅಷ್ಟು ತೆಳು. ವೇಗದ ಪ್ರೋಟಾನು ಇದಕ್ಕೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಆವೇಶವಿಲ್ಲದ ಪಯಾನು ಹುಟ್ಟಿದ ಕ್ಷಣದಲ್ಲೇ ಒಡೆದು ಎರಡು ಗಾಮಾ ಕಿರಣಗಳಾಗುತ್ತದೆ. ಗಾಮಾ ಕಿರಣವನ್ನು ಕಾಂತಕ್ಷೇತ್ರ ಬಗ್ಗಿಸಲಾರದು. ಅದು ನೇರವಾಗಿ ಬಂದು ಡಿಕ್ಕಿ ನಡೆದ ದಿಕ್ಕನ್ನು ತೋರಿಸುತ್ತದೆ. ಜಪಾನಿನ ಸತಿಯೋ ಹಯಾಕಾವಾ ಇದನ್ನು 1952ರಲ್ಲೇ ಊಹಿಸಿದ್ದರು. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕದ ನಕ್ಷೆಯಲ್ಲಿ ಆಕಾಶಗಂಗೆ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಆ ಹೊಳಪಿನ ಹೆಚ್ಚಿನ ಪಾಲು ಈ ಡಿಕ್ಕಿಗಳದೇ.

ನನಗೆ ಬಹಳ ಇಷ್ಟವಾದ ಭಾಗ ಇನ್ನು ಮುಂದಿದೆ. ಅನಿಲ ಎಲ್ಲೆಲ್ಲಿ ಎಷ್ಟಿದೆ ಎಂದು ರೇಡಿಯೋ ದೂರದರ್ಶಕಗಳಿಂದ ಅಳೆದಾಗಿತ್ತು. 2005ರಲ್ಲಿ ಫ್ರಾನ್ಸಿನ ವಿಜ್ಞಾನಿ ಇಸಾಬೆಲ್ ಗ್ರೆನಿಯೆ ಮತ್ತು ಸಂಗಡಿಗರು ತಾಳೆ ನೋಡಿದರೆ, ಅಳೆದ ಅನಿಲದಿಂದ ಬರಬೇಕಾದದ್ದಕ್ಕಿಂತ ಗಾಮಾ ಕಿರಣ ಹೆಚ್ಚಾಗಿತ್ತು. ಅವರು ಆ ಹೆಚ್ಚುವರಿಯನ್ನು ಬದಿಗೆ ಸರಿಸಲಿಲ್ಲ, ಬೆನ್ನುಹತ್ತಿದರು. ರೇಡಿಯೋ ಸಮೀಕ್ಷೆಗೆ ಸಿಗದ ದೊಡ್ಡ ಅನಿಲ ಮೋಡಗಳು ಸೂರ್ಯನ ನೆರೆಹೊರೆಯಲ್ಲೇ ಇದ್ದವು! ಮುಂದಿನ ನಕ್ಷತ್ರಗಳು ಹುಟ್ಟುವುದು ಇಂಥ ಅನಿಲದಿಂದಲೇ. ಲೆಕ್ಕಕ್ಕೆ ಸಿಗಲಿಲ್ಲ ಎಂದರೆ ಇಲ್ಲವೆಂದಲ್ಲ.

ನಮ್ಮ ದೇಶದಲ್ಲೂ ಗಾಮಾ ಕಿರಣಗಳ ಹುಡುಕಾಟ ನಡೆದಿದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಕಟ್ಟಿದ ಮೇಸ್ ದೂರದರ್ಶಕ 2024ರಲ್ಲಿ ಲಡಾಖಿನ ಹಾನ್ಲೆಯಲ್ಲಿ ಉದ್ಘಾಟನೆಯಾಯಿತು.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯ ಹುಡುಗಿ ಪುಸ್ತಕ ಹಿಡಿದು ಬಂದು, "ಅಮ್ಮಾ, ಈ ಲೆಕ್ಕ ಯಾಕೋ ತಾಳೆಯಾಗುತ್ತಿಲ್ಲ" ಎಂದರೆ, "ಸುಮ್ಮನೆ ಉತ್ತರ ನೋಡಿ ಬರೆದುಕೋ" ಎನ್ನಬೇಡಿ. ಐದು ನಿಮಿಷ ಪಕ್ಕದಲ್ಲಿ ಕೂತು, ಏನು ಉಳಿಯಿತೆಂದು ಅವಳನ್ನೇ ಕೇಳಿ.