ಅಂಬಲಿ ಸೋಸಿದ ಮೇಲೆ ಉಳಿಯುವ ಚರಟ
(ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಮೇಲೆ ನಮ್ಮ ಸಂಘಗಳಲ್ಲೂ ಮೊಳಕೆ ರಾಗಿ ಅಂಬಲಿ ಮಾಡುವವರು ಹೆಚ್ಚಾಗಿದ್ದಾರೆ. ಬಹಳ ಸಂತೋಷ. ಆದ್ರ ಸೋಸಿದ ಮೇಲೆ ಬಟ್ಟೆಯಾಗ ಉಳಿಯೋ ಚರಟ ಏನಾಗತೈತಿ? ನಾವು ಕೇಳಿದಾಗ ಹೆಚ್ಚಿನವರು "ಗಟಾರಕ್ಕ ಚೆಲ್ತೀವ್ರಿ" ಅಂದರು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಸಿಪ್ಪೆಯಲ್ಲಿದೆ. ಹಾಲನ್ನು ಹಿಂಡಿಕೊಂಡು ಸಿಪ್ಪೆ ಚೆಲ್ಲಿದರೆ ರೊಕ್ಕ ಕೊಟ್ಟು ತಂದದ್ದನ್ನೇ ಚೆಲ್ಲಿದ ಹಾಗೆ.

ನಾವು ಮಾಡೋದು ಹೀಗೆ. ಒಂದು ಬಟ್ಟಲು ಚರಟಕ್ಕೆ ಎರಡು ಬಟ್ಟಲು ಜೋಳದ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಒಂದು ಚಮಚ ಎಳ್ಳು, ಉಪ್ಪು ಹಾಕಿ ಕಲಸಿ ತಾಲಿಪಟ್ಟು ತಟ್ಟುತ್ತೇವೆ. ಚರಟದಲ್ಲೇ ನೀರಿರುವುದರಿಂದ ನೀರನ್ನು ನೋಡಿಕೊಂಡು ಹಾಕ್ರಿ. ಸಣ್ಣ ಉರಿಯಲ್ಲಿ ಚೆನ್ನಾಗಿ ಬೇಯಲಿ. ಸಿಹಿ ಬೇಕಂದ್ರ ಚರಟವನ್ನು ಬಾಣಲೆಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿದು, ಬೆಲ್ಲ, ಒಣಕೊಬ್ಬರಿ, ಸ್ವಲ್ಪ ತುಪ್ಪ ಹಾಕಿ ಉಂಡಿ ಕಟ್ಟಬಹುದು. ಶಾಲೆಯಿಂದ ಬಂದ ಮಕ್ಕಳು ಡಬ್ಬಿ ಖಾಲಿ ಮಾಡ್ತಾವ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಚರಟ ಬ್ಯಾಡ; ಅದಕ್ಕ ಸೋಸಿದ ರಾಗಿಹಾಲಿನ ಗಂಜಿಯೇ ಸರಿ. ಮೊಳಕೆ ಬಂದ ರಾಗಿಯ ಗಂಜಿ ತೆಳ್ಳಗಾಗುತ್ತದೆ, ಕೂಸು ಸಲೀಸಾಗಿ ನುಂಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದರು.

ಹಸಿ ಚರಟ ಬೇಸಿಗೆಯಲ್ಲಿ ಅರ್ಧ ದಿನವೂ ತಡೆಯುವುದಿಲ್ಲ. ಅವತ್ತೇ ಬಳಸ್ರಿ, ಇಲ್ಲವೇ ತೆಳ್ಳಗೆ ಹರಡಿ ಒಣ ಬಿಸಿಲಿಗೆ ಹಾಕ್ರಿ. ಲೋಳೆ ಬಂದರೆ, ಬೂಸ್ಟು ಕಂಡರೆ ಮುಲಾಜಿಲ್ಲದೆ ಎಸೆಯಿರಿ. ಬೂಸ್ಟಿನ ವಿಷ ಕುದಿಸಿದರೆ ಹೋಗುವುದಿಲ್ಲ, ಎಮ್ಮೆಗೂ ಹಾಕಬ್ಯಾಡ್ರಿ.

ಈಗ ಮುಖ್ಯ ಮಾತಿಗೆ ಬರ್ತೀವಿ. ನಮ್ಮ ಕಡೆ ರಾಗಿಗಿಂತ ಜೋಳ ಹೆಚ್ಚು. ಹೋದ ಬೇಸಿಗ್ಯಾಗ ನಮ್ಮ ಸಂಘದ ಒಬ್ಬ ತಾಯಿ, ರಾಗಿ ಯಾಕ ತರಬೇಕು, ಮನ್ಯಾಗ ಜೋಳ ಐತೆಲ್ಲ ಅಂತ ಜೋಳವನ್ನೇ ಮೊಳಕೆಗೆ ಕಟ್ಟಿದರು. ಊರಿಗೆ ಹೋಗಬೇಕಾಯಿತು, ನಾಲ್ಕು ದಿನ ಮರೆತರು. ಬಂದು ನೋಡಿದರೆ ಬೆರಳುದ್ದ ಹಸಿರು ಚಿಗುರು. ಅಂಬಲಿಗೆ ಬರುವುದಿಲ್ಲವೆಂದು ಬುಟ್ಟಿಗಟ್ಟಲೆ ಆಡಿಗೆ ಹಾಕಿದರು. ಗಂಟೆಯೊಳಗೆ ಆಡು ನಡುಗಿ, ಏದುಸಿರು ಬಿಟ್ಟು ಸತ್ತಿತು. ಸಂಘದ ಸಾಲದಿಂದ ತಂದ ಆಡು ಅದು, ಇನ್ನೂ ಕಂತು ಮುಗಿದಿರಲಿಲ್ಲ.

ಎಳೆ ಜೋಳದ ಪೈರನ್ನು ದನಕ್ಕೆ ಬಿಡಬಾರದೆಂದು ಯಾವ ರೈತ ಮನೆತನದವರಿಗೆ ಗೊತ್ತಿಲ್ಲ? ಆ ವಿಷವೇ ಇದು. ಜೋಳದ ಚಿಗುರಿನಲ್ಲಿ ಧುರ್ರಿನ್ ಎಂಬ ಪದಾರ್ಥ ಇರುತ್ತದೆ. ಅಗಿದಾಗ, ಅರೆದಾಗ ಅದರಿಂದ ಸೈನೈಡ್ ಹೊರಬರುತ್ತದೆ. ಕಾಳಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಮೊಳಕೆ ಒಡೆದು ಚಿಗುರಿದಂತೆ ಏರುತ್ತದೆ. ಹೊಲದಾಗ ಗೊತ್ತಿದ್ದದ್ದು ಅಡಿಗಿ ಮನ್ಯಾಗ ನಮಗ ಯಾರಿಗೂ ನೆನಪಾಗಲಿಲ್ಲ. ಆ ತಾಯಿಯನ್ನು ಯಾರೂ ಬೈಯಬ್ಯಾಡ್ರಿ, ಮೊಳಕೆ ಒಳ್ಳೇದು ಅಂತ ಹೇಳಿಕೊಟ್ಟವರು ನಾವೇ.

ಆಫ್ರಿಕಾದ ಕೆಲವು ದೇಶಗಳಲ್ಲಿ ಜೋಳದ ಮೊಳಕೆಯಿಂದಲೇ ಪೇಯ ಮಾಡುತ್ತಾರೆ. ಮೊಳಕೆಯನ್ನು ಒಣಗಿಸಿ, ಉಜ್ಜಿ, ಬೇರು-ಚಿಗುರು ತೂರಿ ತೆಗೆದರೆ ವಿಷ ಬಹಳಷ್ಟು ಇಳಿಯುತ್ತದೆ. ಆ ಕೈಚಳಕ ನಮಗಿಲ್ಲ. ನಮ್ಮ ಅವ್ವಂದಿರು ಜೋಳದ ಅಂಬಲಿಗೆ ಮೊಳಕೆ ಬರಿಸುತ್ತಿರಲಿಲ್ಲ. ಹಿಟ್ಟು ಇಲ್ಲವೇ ನುಚ್ಚು ಕಾಸಿ, ಆರಿಸಿ, ಮಜ್ಜಿಗೆ ಹಾಕಿ ರಾತ್ರಿಯಿಡೀ ಇಡುತ್ತಿದ್ದರು. ಅದನ್ನೇ ಮಾಡೋಣ. ಮೊಳಕೆಗೆ ರಾಗಿ, ಹೆಸರು ಸಾಕು.

ಬರುವ ಸಭೆಗೆ ಪ್ರತಿ ಸಂಘದಿಂದ ಒಂದು ಪಾವು ರಾಗಿಯ ಚರಟ ತನ್ರಿ, ಅಂದೇ ಸೋಸಿದ್ದು. ಹಂಚು ನಾವು ತರ್ತೀವಿ. ಆ ತಾಯಿಯ ಉಳಿದ ಕಂತಿನ ವಿಚಾರವನ್ನೂ ಅವತ್ತೇ ಕೂತು ಮಾತಾಡೋಣ.