ಕರೆದಾಗ ಬಾರದವರು: ಕಂಪ್ಲಿ ಕೋಟೆಯಿಂದ ಹೊಸಪೇಟೆ ಕೋರ್ಟಿನವರೆಗೆ

ಕ್ರಿ.ಶ. 1327. ತುಂಗಭದ್ರೆಯ ದಂಡೆಯ ಕಂಪಿಲಿ, ಅಂದರೆ ಇಂದಿನ ನಮ್ಮ ಕಂಪ್ಲಿ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ತನ್ನದೇ ಬಂಧುವೊಬ್ಬನನ್ನು ಹುಡುಕಿಸುತ್ತಿದ್ದಾನೆ. ಹೆಸರು ಬಹಾವುದ್ದೀನ್ ಗುರ್‌ಷಾಸ್ಪ್. ಸಗರದಲ್ಲಿ ಜಹಗೀರು ಪಡೆದಿದ್ದವನು. ದಂಗೆಯೆದ್ದು, ಸೋತು, ಓಡಿಬಂದು ಕಂಪಿಲರಾಯನ ಬಳಿ ಆಶ್ರಯ ಕೇಳಿದ್ದಾನೆ. ಒಪ್ಪಿಸು ಅಂದರೆ ರಾಯ ಒಪ್ಪಲಿಲ್ಲ. ಸೈನ್ಯ ಬಂತು, ಕೋಟೆ ಬಿತ್ತು, ರಾಯ ಹೋರಾಡುತ್ತಲೇ ಸತ್ತ. ಅದಕ್ಕೆ ಮುಂಚೆಯೇ ಆತ ಗುರ್‌ಷಾಸ್ಪನನ್ನು ದ್ವಾರಸಮುದ್ರದ ಬಲ್ಲಾಳನ ಕಡೆಗೆ ಕಳಿಸಿದ್ದ. ಬಲ್ಲಾಳ ಅವನನ್ನು ಸುಲ್ತಾನನಿಗೆ ಒಪ್ಪಿಸಿಬಿಟ್ಟ. ಅವನಿಗಾದ ಘೋರ ಶಿಕ್ಷೆಯನ್ನು ಇಬ್ನ್ ಬತೂತ ಬರೆದಿಟ್ಟಿದ್ದಾನೆ, ಇಲ್ಲಿ ಬೇಡ.

ಕರೆದಾಗ ಬಾರದವನನ್ನು ಏನು ಮಾಡಬೇಕು? ರಾಜರು ಇದಕ್ಕೆ ಉತ್ತರ ಹೇಳಿದ್ದು ಹೀಗೆ. ಆದರೆ ಸಾಲ ತೀರಿಸದ ರೈತ, ಗಡಿ ಒತ್ತಿದ ನೆರೆಯವ, ಹೊಡೆದಾಡಿದ ದಾಯಾದಿ? ಅವರ ವಿಷಯದಲ್ಲಿ ಈ ಸೀಮೆಯ ಕಾನೂನು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿತ್ತು.

ಕಂಪಿಲಿ ಬೀಳುವುದಕ್ಕೆ ಸುಮಾರು ಎರಡು ಶತಮಾನ ಹಿಂದೆ, ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಅದರ ವ್ಯವಹಾರ ಭಾಗದಲ್ಲಿ, ನಾರದಸ್ಮೃತಿಯ ಆಧಾರದ ಮೇಲೆ, 'ಆಸೇಧ' ಎಂಬ ಕ್ರಮದ ವಿವರಣೆಯಿದೆ. ಪ್ರತಿವಾದಿ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದರೆ, ರಾಜನ ಕರೆ ಬರುವವರೆಗೆ ವಾದಿಯೇ ಅವನನ್ನು ತಡೆದು ನಿಲ್ಲಿಸಬಹುದು. ಈ ಜಾಗ ಬಿಡಬೇಡ, ಇಷ್ಟು ಹೊತ್ತು ಕದಲಬೇಡ, ಊರು ಬಿಟ್ಟು ಹೊರಡಬೇಡ, ಈ ಕೆಲಸ ಮಾಡಬೇಡ ಎಂದು ನಾಲ್ಕು ಬಗೆಯ ತಡೆ. ಮೀರಿದವನಿಗೆ ಶಿಕ್ಷೆ.

ಅದಕ್ಕಿಂತ ಸ್ವಾರಸ್ಯವಾದದ್ದು ಯಾರನ್ನು ತಡೆಯಬಾರದು ಎಂಬ ಪಟ್ಟಿ. ಬಿತ್ತನೆಯ ಹೊತ್ತಿನಲ್ಲಿರುವ ರೈತನನ್ನು ತಡೆಯುವಂತಿಲ್ಲ. ದನ ಮೇಯಿಸುತ್ತಿರುವ ಗೋವಳನನ್ನು, ಕೈಯಲ್ಲಿ ಕೆಲಸ ಹಿಡಿದ ಕುಶಲಕರ್ಮಿಯನ್ನು, ಯುದ್ಧದಲ್ಲಿರುವ ಸೈನಿಕನನ್ನು ತಡೆಯುವಂತಿಲ್ಲ. ಮದುವೆಗೆ ಹೊರಟವನು, ರೋಗಿ, ಸಂಕಟದಲ್ಲಿರುವವನು, ಆಗಲೇ ಇನ್ನೊಬ್ಬನ ಮೊಕದ್ದಮೆಯಲ್ಲಿ ಸಿಕ್ಕಿಕೊಂಡವನು, ಇವರಿಗೂ ವಿನಾಯಿತಿ. ತೀರಾ ಗಂಭೀರ ವಿಷಯವಾದರೆ ರೋಗಿಯನ್ನೂ ಕರೆಸಬಹುದು, ಆದರೆ ವಾಹನದಲ್ಲಿ, ನಿಧಾನವಾಗಿ.

ಇನ್ನೂ ಒಂದಿದೆ. ಮೊಕದ್ದಮೆ ಸೋಲುವವರ ಲಕ್ಷಣ ಹೇಳುವಾಗ, ಹಾಜರಾಗದವನನ್ನೂ ಕರೆ ಬಂದಮೇಲೆ ಓಡಿಹೋದವನನ್ನೂ ಎರಡು ಬೇರೆ ಬೇರೆ ಬಗೆಯಾಗಿ ಎಣಿಸಿದ್ದಾರೆ. ಬಾರದಿರುವುದೇ ಬೇರೆ, ಓಡುವುದೇ ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ವಾರಂಟಿನ ಕಷ್ಟವೆಲ್ಲ ಇರುವುದು ಇಲ್ಲೇ.

ವಿಜಯನಗರ ಈ ಪರಂಪರೆಯನ್ನು ಮುಂದುವರಿಸಿತು. ಪರಾಶರ ಸ್ಮೃತಿಯಲ್ಲಿ ವ್ಯವಹಾರದ, ಎಂದರೆ ನ್ಯಾಯವಿಚಾರಣೆಯ ಭಾಗವೇ ಇಲ್ಲ. ಬುಕ್ಕರಾಯನ ಮಂತ್ರಿ ಮಾಧವಾಚಾರ್ಯ ಅದಕ್ಕೆ ವ್ಯಾಖ್ಯಾನ ಬರೆಯುತ್ತ ಆ ಭಾಗವನ್ನು ತಾನೇ ಸೇರಿಸಿದ. ಹೊಸ ರಾಜ್ಯಕ್ಕೆ ಅದು ಬೇಕಿತ್ತು ಅಂತ ಕಾಣುತ್ತದೆ. ಇನ್ನು ಆಚರಣೆ ಹೇಗಿತ್ತು? 1443ರಲ್ಲಿ ಪರ್ಷಿಯಾದಿಂದ ಬಂದ ಅಬ್ದುರ್ ರಜಾಕ್ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ಕಂಬಗಳ ದೊಡ್ಡ ಚಾವಡಿ, ನಡುವೆ ಎತ್ತರದ ಪೀಠದ ಮೇಲೆ ದಣ್ಣಾಯಕ ಒಬ್ಬನೇ, ಕೆಳಗೆ ಎರಡು ಸಾಲಾಗಿ ಕೋಲುಕಾರರು. ದೂರು ತಂದವನು ಆ ಸಾಲುಗಳ ನಡುವೆ ನಡೆದು, ಏನಾದರೂ ಸಣ್ಣ ಕಾಣಿಕೆ ಇಟ್ಟು, ನೆಲಕ್ಕೆ ಮುಖ ತಾಗಿಸಿ, ಎದ್ದು ನಿಂತು ಹೇಳಬೇಕು. ದಣ್ಣಾಯಕ ಹೇಳಿದ್ದೇ ಕೊನೆ. ಟಂಕಸಾಲೆಯ ಎದುರಿಗೆ ನಗರ ಕಾಯುವವರ ಠಾಣೆ, ಅದರಲ್ಲಿ 12,000 ಮಂದಿ ಎಂದು ಅವನ ಲೆಕ್ಕ. ಅವರ ಸಂಬಳ ಬರುತ್ತಿದ್ದದ್ದು ವೇಶ್ಯಾವಾಟಿಕೆಗಳ ತೆರಿಗೆಯಿಂದ. ಹಂಪಿಗೆ ಹೋದವರು ದಣ್ಣಾಯಕನ ಆವರಣ ಎಂಬ ಫಲಕ ನೋಡಿರುತ್ತೀರಿ. ಆ ಹೆಸರು ಈಚಿನವರು ಇಟ್ಟದ್ದು. ಇದೇ ಆ ಚಾವಡಿ ಎಂದು ಗೈಡ್ ಆಣೆ ಮಾಡಿದರೆ ನಂಬಬೇಡಿ.

ಈಗ 1800ಕ್ಕೆ ಹಾರೋಣ. ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದ. ಊರಿನ ವ್ಯಾಜ್ಯ ಊರಿನವರೇ ನೋಡಿಕೊಳ್ಳಲಿ ಎಂಬ ಅವನ ಹಟ 1816ರ ಮದ್ರಾಸ್ ರೆಗ್ಯುಲೇಷನ್‌ಗಳಲ್ಲಿ ಕಾನೂನಾಯಿತು. ಊರಿನ ಮುಖ್ಯಸ್ಥ, ನಮ್ಮ ಕಡೆಯ ಗೌಡ ಅಥವಾ ರೆಡ್ಡಿ, ತಳವಾರನನ್ನು ಕಳಿಸಿ ಆರೋಪಿಯನ್ನು ಹಿಡಿಸಿ ತಹಸೀಲ್ದಾರನಿಗೆ ಒಪ್ಪಿಸಬೇಕು. ಸಣ್ಣಪುಟ್ಟ ಬೈಗುಳ, ಹೊಡೆದಾಟವಾದರೆ 12 ಗಂಟೆಯವರೆಗೆ ತಾನೇ ಚಾವಡಿಯಲ್ಲಿ ಕೂಡಿಹಾಕಬಹುದು. 'ಕೆಳಜಾತಿ'ಯವನಾದರೆ ಆರು ಗಂಟೆ ಕಾಲಿಗೆ ಕೋಳದ ಮರ. ಇದು ಯಾರೋ ಗೌಡನ ದರ್ಪದ ಕಥೆಯಲ್ಲ, ಅಚ್ಚಾದ ಸರ್ಕಾರಿ ಕಾನೂನಿನಲ್ಲೇ ಹೀಗಿತ್ತು. ಹಳೆಯ ಗ್ರಾಮನ್ಯಾಯದ ಸೊಬಗನ್ನು ವರ್ಣಿಸುವವರು ಈ ಕಲಮನ್ನು ಓದುವುದಿಲ್ಲ. ಮಿತಾಕ್ಷರದ ಜಗತ್ತಿನಲ್ಲೂ ಜಾತಿಯ ತೂಕ ಕಡಿಮೆಯೇನಿರಲಿಲ್ಲ, ಅದನ್ನೂ ಹೇಳಬೇಕು.

ಅಂದಹಾಗೆ, ಆಸ್ತಿ ಪಾಲಿನ ವಿಷಯಕ್ಕೆ ಬ್ರಿಟಿಷರು ಮಿತಾಕ್ಷರವನ್ನು ಭದ್ರವಾಗಿ ಉಳಿಸಿಕೊಂಡರು, ಇಂಗ್ಲಿಷಿಗೂ ಮಾಡಿಸಿಕೊಂಡರು. ಅದೇ ಗ್ರಂಥದ ಬಿತ್ತನೆ ಕಾಲದ ವಿನಾಯಿತಿ ಮಾತ್ರ ಯಾರಿಗೂ ಬೇಕಾಗಲಿಲ್ಲ.

ಕಂದಾಯ ವಸೂಲಿ ಮಾಡುವವನೇ ಪೊಲೀಸ್, ಅವನೇ ಮ್ಯಾಜಿಸ್ಟ್ರೇಟ್ ಆದರೆ ಏನಾಗುತ್ತದೆ ಎಂಬುದು 1855ರಲ್ಲಿ ಮದ್ರಾಸಿನ ಚಿತ್ರಹಿಂಸೆ ಆಯೋಗದ ವರದಿಯಲ್ಲಿ ಬಯಲಾಯಿತು. 1859ರಲ್ಲಿ ಪ್ರತ್ಯೇಕ ಪೊಲೀಸ್ ಇಲಾಖೆ ಬಂತು. 1861ರಲ್ಲಿ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಬಂತು, 1898ರ ಹೊತ್ತಿಗೆ ಅದು ನಮಗೆ ಗೊತ್ತಿರುವ ರೂಪಕ್ಕೆ ಬಂದು ನಿಂತಿತು. ತಹಸೀಲ್ದಾರರು ಮ್ಯಾಜಿಸ್ಟ್ರೇಟರೂ ಆಗಿರುವುದು ಮಾತ್ರ ಬಹುಕಾಲ ಮುಂದುವರಿಯಿತು. ಕಾನೂನಿನ ಮಟ್ಟದಲ್ಲಿ ಅದಕ್ಕೆ ಪೂರ್ಣವಿರಾಮ ಬಿದ್ದದ್ದು 1974ರ ಏಪ್ರಿಲ್ 1ರಂದು, ಹೊಸ ಸಂಹಿತೆ ಜಾರಿಯಾದಾಗ.

ಈ ನಡುವೆ ಸಂಡೂರಿನ ಮಜಾ ನೋಡಿ. ಸುತ್ತಲೂ ಬ್ರಿಟಿಷ್ ಬಳ್ಳಾರಿ ಜಿಲ್ಲೆ, ನಡುವೆ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಹೊಸಪೇಟೆಯ ಮ್ಯಾಜಿಸ್ಟ್ರೇಟ್ ಸಹಿ ಮಾಡಿದ ವಾರಂಟು ಘಟ್ಟ ದಾಟಿ ಸಂಡೂರಿಗೆ ಹೋದರೆ ಬರೀ ಕಾಗದ. ಆರೋಪಿ ಬೇಕೆಂದರೆ ಪೊಲಿಟಿಕಲ್ ಏಜೆಂಟರ ಮೂಲಕ ಕೇಳಬೇಕು. ಆ ಏಜೆಂಟರು ಯಾರು? 1923ರವರೆಗೆ ಬಳ್ಳಾರಿಯ ಕಲೆಕ್ಟರರೇ. ಜಿಲ್ಲಾ ಮ್ಯಾಜಿಸ್ಟ್ರೇಟರೂ ಅವರೇ. ಒಂದೇ ಕುರ್ಚಿ, ಎರಡು ಮೊಹರು! ಸಂಡೂರು 1949ರಲ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತು, 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರಿಗೆ ಬಂತು. ಈಗ ಮತ್ತೆ ಗೆರೆ ಬದಲಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಆದರೆ ಇವತ್ತಿನ ವಾರಂಟಿಗೆ ಗಡಿಯಿಲ್ಲ, ದೇಶದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು.

ಸರಿ, ಇವತ್ತಿಗೆ ಬರೋಣ. ಅಮೆರಿಕದ ಸಿನಿಮಾಗಳಲ್ಲಿ ಕಾಣುವ ಮುನ್ಸಿಪಲ್ ಕೋರ್ಟು ನಮ್ಮ ಊರುಗಳಲ್ಲಿಲ್ಲ. ನಗರಸಭೆ ಹಾಕುವ ಕೇಸಾಗಲಿ, ಇಸ್ಪೀಟು, ಹೆಲ್ಮೆಟ್ಟು, ಬೀದಿ ಜಗಳದಂಥ ಪೆಟ್ಟಿ ಕೇಸಾಗಲಿ, ಚೆಕ್ ಬೌನ್ಸ್ ಆಗಲಿ, ಎಲ್ಲ ಹೋಗುವುದು ಜೆಎಂಎಫ್‌ಸಿ, ಎಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. 2019ರ ಫೆಬ್ರವರಿಯಲ್ಲಿ ಹಂಪಿಯ ವಿಷ್ಣು ದೇವಾಲಯದ ಕಂಬ ಬೀಳಿಸಿದ ಯುವಕರ ವಿಡಿಯೋ ನೆನಪಿರಬಹುದು. ಅದು ಬಂದದ್ದೂ ಹೊಸಪೇಟೆಯ ಮ್ಯಾಜಿಸ್ಟ್ರೇಟ್ ಕೋರ್ಟಿಗೇ. ತಪ್ಪೊಪ್ಪಿಕೊಂಡರು, ತಲಾ 70,000 ರೂಪಾಯಿ ದಂಡ ಬಿತ್ತು, ಕಂಬವನ್ನು ಮತ್ತೆ ನಿಲ್ಲಿಸಲು ಹಚ್ಚಿದರು. ಅದೇ ತಿಂಗಳಲ್ಲಿ ಕಥೆ ಮುಗಿಯಿತು. ಆರೋಪಿ ಎದುರಿಗಿದ್ದರೆ ಕೋರ್ಟು ಇಷ್ಟು ಬೇಗ ನಡೆಯಬಲ್ಲದು.

ಎದುರಿಗಿಲ್ಲದಿದ್ದರೆ? ಒಂದು ಚೆಕ್ ಬೌನ್ಸ್ ಕೇಸು ಅಂದುಕೊಳ್ಳಿ. ಫಿರ್ಯಾದಿ ಪಿಎಫ್, ಎಂದರೆ ಸಮನ್ಸ್ ಕಳಿಸುವ ಪ್ರೊಸೆಸ್ ಫೀ ಕಟ್ಟುತ್ತಾನೆ, ಸಮನ್ಸ್ ಹೊರಡುತ್ತದೆ. ಆರೋಪಿ ಒಮ್ಮೆ ಬಂದು, ಜಾಮೀನು ಪಡೆದು, ಬಾಂಡ್ ಬರೆದುಕೊಟ್ಟು ಹೋಗುತ್ತಾನೆ. ಮುಂದೆ ಯಾವುದೋ ವಾಯಿದೆಗೆ ಬರುವುದಿಲ್ಲ. ಹೆಸರು ಕೂಗುತ್ತಾರೆ, ಉತ್ತರವಿಲ್ಲ. ಅವನ ಪರ ವಕೀಲರು ಎದ್ದು ವಿನಾಯಿತಿ ಅರ್ಜಿ ಕೊಟ್ಟರೆ ಆ ದಿನ ಗಂಡಾಂತರ ತಪ್ಪಿತು. ಅರ್ಜಿ ಇಲ್ಲವೋ, ಹಾಳೆಯ ಮೇಲೆ ಒಂದು ಸಾಲು: ಆರೋಪಿ ಗೈರು, ವಾರಂಟ್ ಹೊರಡಿಸಿ.

ಇಲ್ಲಿ ಕೋರ್ಟಿಗೆ ಎರಡು ದಾರಿಗಳಿವೆ. ಜಾಮೀನು ಸಹಿತ ವಾರಂಟ್ ಆದರೆ ಪೊಲೀಸರ ಎದುರೇ ಬಾಂಡ್ ಕೊಟ್ಟು ಬಿಡುಗಡೆಯಾಗಬಹುದು. ಜಾಮೀನು ರಹಿತ, ಎಲ್ಲರ ಬಾಯಲ್ಲಿರುವ ಎನ್‌ಬಿಡಬ್ಲ್ಯೂ ಆದರೆ ಹಿಡಿದು ತಂದು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ, ಬೇರೆ ದಾರಿಯಿಲ್ಲದಾಗ ಎನ್‌ಬಿಡಬ್ಲ್ಯೂ. ಕಾನೂನಿನಲ್ಲೂ 'ಸಮಂಜಸ ಕಾರಣವಿಲ್ಲದೆ' ಬಾರದವನಿಗೆ ಎಂದೇ ಇದೆ. ಆದರೆ ಆ ಕಾರಣವನ್ನು ಆ ಹೊತ್ತಿಗೆ, ಆ ಕೋಣೆಯಲ್ಲಿ, ಯಾರಾದರೂ ಹೇಳಬೇಕಲ್ಲ? ಕಂಪ್ಲಿಯಲ್ಲಿ ಭತ್ತದ ನಾಟಿ ನಡೆಯುತ್ತಿದೆ ಎಂಬುದು ಕಡತಕ್ಕೆ ತಾನಾಗಿ ತಿಳಿಯುವುದಿಲ್ಲ. ಸಂಡೂರಿನ ತಾಂಡಾದವನು ಕಬ್ಬು ಕಡಿಯಲು ಗುಳೆ ಹೋಗಿದ್ದಾನೆ ಎಂಬುದೂ ತಿಳಿಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಕೇಸುಗಳ ವಾರಂಟು ಹೆಚ್ಚಾಗಿ ಬೀಳುವುದು ಓಡಿದವನ ಮೇಲಲ್ಲ, ತನ್ನ ಪರವಾಗಿ ಅರ್ಜಿ ಹಾಕಿಸಲು ಆಗದವನ ಮೇಲೆ.

ಸಮನ್ಸ್ ಮುಟ್ಟುವುದೂ ಒಂದು ಕಥೆಯೇ. ಆರೋಪಿ ಮನೆಯಲ್ಲಿಲ್ಲದಿದ್ದರೆ ಸಮನ್ಸನ್ನು ಕುಟುಂಬದ ವಯಸ್ಕ 'ಪುರುಷ' ಸದಸ್ಯನಿಗೆ ಕೊಡಬೇಕು ಎಂದು ಸಿಆರ್‌ಪಿಸಿ ಹೇಳುತ್ತಿತ್ತು. ಗಂಡಸರೆಲ್ಲ ದುಡಿಯಲು ಹೋದ ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದರೂ ಅವಳ ಕೈಗೆ ಕೊಟ್ಟರೆ ಕಾನೂನಿನ ಲೆಕ್ಕಕ್ಕೆ ಇಲ್ಲ. ಗೋಡೆಗೆ ಅಂಟಿಸಿದರೆ ಲೆಕ್ಕಕ್ಕೆ ಉಂಟು! 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಆ ಪದವನ್ನು ಕೈಬಿಟ್ಟಿತು, ಮೊಬೈಲಿಗೂ ಸಮನ್ಸ್ ಬರಲು ದಾರಿ ಮಾಡಿತು. ಇನ್ನು ವಾಯಿದೆ ಯಾವತ್ತು ಎಂಬುದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಗುತ್ತದೆ, ಕೇಸಿನ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಸಾಕು.

ಆರೋಪಿ ಬಾರದಿದ್ದರೆ ನಿದ್ದೆಗೆಡುವವರು ಇನ್ನೊಬ್ಬರಿದ್ದಾರೆ, ಪಹಣಿ ಇಟ್ಟು ಜಾಮೀನು ನಿಂತವರು. ಬಾಂಡ್ ಮುಟ್ಟುಗೋಲಾಗಿ ಹಣ ಕಟ್ಟುವಂತೆ ನೋಟಿಸ್ ಹೋಗುವುದು ಅವರಿಗೂ. ಜಾಮೀನುದಾರ ಇದೇ ಜಿಲ್ಲೆಯವನಾಗಬೇಕೆ? ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸಗಾರನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. 1978ರ ಮೋತಿರಾಮ್ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿದರು. ಹೊಸಪೇಟೆ ಕೋರ್ಟಿನಲ್ಲಿ ಕೇಸಿದ್ದು, ಜಾಮೀನು ನಿಲ್ಲುವ ಮಾವನ ಹೊಲ ಕಂಪ್ಲಿಯಲ್ಲಿದ್ದರೆ ಈ ತೀರ್ಪು ನೆನಪಿರಲಿ.

ವಾರಂಟಿನ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಅದು ಹಳತಾಗಿ ಸಾಯುವುದಿಲ್ಲ. ಜಾರಿಯಾಗಬೇಕು, ಇಲ್ಲವೇ ಹೊರಡಿಸಿದ ಕೋರ್ಟೇ ರದ್ದು ಮಾಡಬೇಕು. ರದ್ದಿಗೆ ಆರೋಪಿ ತಾನೇ ಬಂದು ರೀಕಾಲ್ ಅರ್ಜಿ ಹಾಕುವುದು ರೂಢಿ. ಕಾರಣ ಒಪ್ಪಿಗೆಯಾದರೆ ಸಾಮಾನ್ಯವಾಗಿ ಒಂದಿಷ್ಟು ದಂಡ ಕಟ್ಟಿಸಿಕೊಂಡು ಹಿಂಪಡೆಯುತ್ತಾರೆ. ರದ್ದಾದ ಆದೇಶದ ನಕಲು ಠಾಣೆಗೆ ತಲುಪಿದೆಯೇ ಎಂದು ನೋಡಿಕೊಳ್ಳುವುದು ಅಷ್ಟೇ ಮುಖ್ಯ. 2002ರಲ್ಲಿ ಮುಂಬೈನ ಒಬ್ಬ ವಕೀಲರನ್ನು ಆಗಲೇ ರದ್ದಾಗಿದ್ದ ವಾರಂಟಿನ ಮೇಲೆ ಹಿಡಿದರು, ಅದೂ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನದಂದೇ! ಆ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ, 2011ರಲ್ಲಿ ವಾರಂಟುಗಳಿಗೆ ಕ್ರಮಸಂಖ್ಯೆ ಇರಬೇಕು, ರಿಜಿಸ್ಟರ್ ಇಡಬೇಕು ಎಂಬ ನಿರ್ದೇಶನಗಳು ಬಂದವು.

ನಿಜಕ್ಕೂ ತಲೆಮರೆಸಿಕೊಂಡವನಿಗೆ ದಾರಿ ಬೇರೆ. ಮೊದಲು ಉದ್ಘೋಷಣೆ. ಊರಿನ ಎದ್ದುಕಾಣುವ ಜಾಗದಲ್ಲಿ ಅದನ್ನು ಓದಿ ಹೇಳಬೇಕು, ಮನೆಗೆ ಅಂಟಿಸಬೇಕು, ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು. ಆಮೇಲೆ ಆಸ್ತಿ ಜಪ್ತಿ. ಬಾಂಡ್ ಕೊಟ್ಟು ಬಾರದಿರುವುದೇ ಒಂದು ಪ್ರತ್ಯೇಕ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆಯಿದೆ. 2024ರ ಹೊಸ ಸಂಹಿತೆಯಲ್ಲಿ ಆರೋಪಿ ಇಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಲೂ ಅವಕಾಶವಿದೆ. ಆದರೆ ಅದು ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಕೇಸುಗಳಲ್ಲಿ ಘೋಷಿತ ಅಪರಾಧಿ ಎನಿಸಿಕೊಂಡವರಿಗೆ ಮಾತ್ರ.

ಹಾಗಾದರೆ ಸಣ್ಣ ಕೇಸಿನವರು? ಅವರ ಕಡತ ಎಲ್‌ಪಿಸಿ ಪಟ್ಟಿಗೆ ಹೋಗುತ್ತದೆ, ದೀರ್ಘಕಾಲ ಬಾಕಿ ಉಳಿದ ಕೇಸುಗಳ ಪಟ್ಟಿಗೆ. ಸಹ ಆರೋಪಿಗಳು ವಿಚಾರಣೆ ಎದುರಿಸಿ, ಗೆದ್ದೋ ಸೋತೋ ಮನೆಗೆ ಹೋಗಿರುತ್ತಾರೆ. ಇವನ ಕೇಸು ಮಾತ್ರ ಪ್ರತ್ಯೇಕವಾಗಿ ಬಾಕಿ. ಠಾಣೆಯ ಕೋರ್ಟ್ ಪಿಸಿ, ಎಂದರೆ ಕೋರ್ಟ್ ಕೆಲಸ ನೋಡುವ ಪೇದೆ, ಬದಲಾಗುತ್ತಾರೆ, ವಾರಂಟು ಹೊಸಬರ ಕೈಗೆ ಬರುತ್ತದೆ. ವರ್ಷಗಳು ಕಳೆದ ಮೇಲೆ ಯಾರೋ ಹಳೆಯ ವಿಳಾಸ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದಾಗ, ಆತ ತೀರಿಕೊಂಡು ಎಷ್ಟೋ ಕಾಲವಾಯಿತು ಎಂಬ ಉತ್ತರ ಬರುವುದೂ ಉಂಟು. ಅಷ್ಟಕ್ಕೇ ಕೇಸು ಮುಗಿಯುವುದಿಲ್ಲ. ಮನೆಯವರು ಮರಣ ಪ್ರಮಾಣಪತ್ರ ಕೊಡಬೇಕು, ಪೊಲೀಸರು ಅದನ್ನು ವರದಿಯೊಂದಿಗೆ ಕೋರ್ಟಿಗೆ ಸಲ್ಲಿಸಬೇಕು. ಅದನ್ನು ನೋಡಿದ ಮೇಲಷ್ಟೇ ನ್ಯಾಯಾಧೀಶರು ಆರೋಪಿಯ ವಿರುದ್ಧದ ಪ್ರಕರಣ ಮುಕ್ತಾಯ ಎಂದು ಬರೆಯುತ್ತಾರೆ.